ಭಾವಚಿತ್ರಕ್ಕೊಂದು ಹಾಡು

ಮನುಷ್ಯನ ಮುಖವನ್ನು ತೋರಿಸುವ ಚಿತ್ರಕ್ಕೆ ನಮ್ಮ ನುಡಿಯಲ್ಲಿ 'ಭಾವಚಿತ್ರ'ವೆಂದು ಹೆಸರಿಟ್ಟವರು ರಸಿಕರೇ ಆಗಿರಬೇಕು. ಮುಖಚಿತ್ರವೆನ್ನಲಿಲ್ಲ, ರೂಪಚಿತ್ರವೆನ್ನಲಿಲ್ಲ, ಭಾವದ ಚಿತ್ರವೆಂದರು. ಆದರೆ ವಾಚಕರು ತಮ್ಮ ತಮ್ಮ ಮನೆಯ ಗೋಡೆಯನ್ನೊಮ್ಮೆ ಕಣ್ಣೆತ್ತಿ ನೋಡಲಿ. ಅಲ್ಲಿ ಸಾಲಾಗಿ ತೂಗುತ್ತಿರುವ ಹಿರಿಯರ ಪಟಗಳಲ್ಲಿ ರೂಪವುಂಟು, ಉಡುಪುಂಟು, ಹೊದೆದ ಶಾಲಿನ ಅಂಚೂ ಉಂಟು. ಭಾವವೆಂಬುದು ಎಷ್ಟರಲ್ಲಿ ಉಂಟು? ಬದುಕಿದ್ದಾಗ ಜಗಲಿಯ ತುಂಬ ನಗೆಯನ್ನು ಚೆಲ್ಲುತ್ತಿದ್ದ ಅಜ್ಜನು ಪಟದೊಳಗೆ ನ್ಯಾಯಾಧೀಶರ ಮುಂದೆ ನಿಂತ ಸಾಕ್ಷಿಯಂತೆ ಬಿಗಿದುಕೊಂಡಿರುವನು. ಹತ್ತು ಮಕ್ಕಳನ್ನು ಹಾಡಿ ಮಲಗಿಸಿದ ಅಜ್ಜಿಯು ಈಗತಾನೇ ಯಾರಿಂದಲೋ ಗದರಿಸಿಕೊಂಡವಳಂತೆ ಕಾಣುವಳು.

ಇದಕ್ಕೆ ಕಾರಣವನ್ನು ಹುಡುಕಲು ನಾನು ದೂರ ಹೋಗಬೇಕಾಗಿಲ್ಲ. 1981ರಲ್ಲಿ, ನನ್ನ ಶಾಲೆಯ ಓದು ಮುಗಿದ ನೆನಪಿಗೆಂದು, ತಂದೆಯವರು ನನ್ನನ್ನು ಕುಮಟೆಯ ಪೇಟೆಯ ಒಂದು ಸ್ಟುಡಿಯೋಕ್ಕೆ ಕರೆದೊಯ್ದರು. ಹಿಂದೆ ಬಣ್ಣದ ಪರದೆ, ಮುಂದೆ ಕಣ್ಣು ಕುಕ್ಕುವ ದೀಪ. "ನಗು, ಆದರೆ ಅಲುಗಬೇಡ" ಎಂದು ಒಂದೇ ಉಸಿರಿನಲ್ಲಿ ಎರಡು ಆಜ್ಞೆಗಳಾದವು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯಗಳೆಂದು ಎಂಟು ಸಾತ್ತ್ವಿಕ ಭಾವಗಳನ್ನು ಎಣಿಸಿರುವನಷ್ಟೆ? ಅವುಗಳಲ್ಲಿ ಬಹುಪಾಲು ಆ ಒಂದು ನಿಮಿಷದಲ್ಲಿಯೇ ನನ್ನ ಮೈಯಲ್ಲಿ ಉದಿಸಿದವು. ಕಾಲುಗಳು ಕಂಬವಾದವು, ಹಣೆ ಬೆವೆತಿತು, ಕೈ ನಡುಗಿತು, ಮುಖದ ಬಣ್ಣ ಇಳಿಯಿತು. ದೀಪದ ಉರಿಗೆ ಕಣ್ಣೀರೂ ಬಂದಿತು. ಆ ಚಿತ್ರವು ಈಗಲೂ ನಮ್ಮ ಮನೆಯಲ್ಲಿದೆ. ಅದನ್ನು ತೋರಿಸಿ ಮೊಮ್ಮಗಳು, "ಅಜ್ಜಾ, ನಿನಗೆ ಆಗ ಜ್ವರ ಬಂದಿತ್ತೇ?" ಎಂದು ಕೇಳುವಳು.

ಛಾಯಾಚಿತ್ರ ವಿದ್ಯೆಯು 1839ರಲ್ಲಿ ಪ್ಯಾರಿಸ್ಸಿನಲ್ಲಿ ಲೋಕಕ್ಕೆ ಪ್ರಕಟವಾದ ಕಾಲದಲ್ಲಿ ಒಂದು ಬಿಂಬವು ಮೂಡಲು ನಿಮಿಷಗಟ್ಟಲೆ ಹೊತ್ತು ಹಿಡಿಯುತ್ತಿತ್ತು. ಕುಳಿತವನ ತಲೆ ಅಲುಗದಂತೆ ಅವನ ಕುತ್ತಿಗೆಯ ಹಿಂದೆ ಕಬ್ಬಿಣದ ಕವೆಯೊಂದನ್ನು ನಿಲ್ಲಿಸುತ್ತಿದ್ದರು. ಅಂತಹ ಸ್ಥಿತಿಯಲ್ಲಿ ಮುಖವು ಕಟ್ಟಿಗೆಯಾದುದರಲ್ಲಿ ಆಶ್ಚರ್ಯವೇನಿದೆ? ಇಂದು ಸೆಕೆಂಡಿನ ಸಾವಿರದಲ್ಲೊಂದು ಭಾಗವೇ ಚಿತ್ರಕ್ಕೆ ಸಾಕು. ಕಬ್ಬಿಣದ ಕವೆಯು ವಸ್ತುಸಂಗ್ರಹಾಲಯವನ್ನು ಸೇರಿತು. ಆದರೂ ಮುಖದ ಬಿಗಿತವು ಹೋಗಲಿಲ್ಲ. ಕುತ್ತಿಗೆಯ ಹಿಂದಿದ್ದ ಕವೆಯು ಮನಸ್ಸಿನೊಳಗೆ ಬಂದು ನಿಂತಿದೆಯಷ್ಟೆ. ಆ ಕವೆಯನ್ನು ಕಳಚುವ ಬಗೆ ಯಾವುದೆಂಬುದನ್ನು ನಾನು ಅರವತ್ತನೆಯ ವಯಸ್ಸಿನಲ್ಲಿ, ನನ್ನ ಶಿಷ್ಯನೊಬ್ಬನಿಂದ ಅರ್ಧ, ನನ್ನ ತಾಯಿಯಿಂದ ಉಳಿದರ್ಧ ಕಲಿತೆನು. ಆ ಸಂಗತಿಯನ್ನೇ ಇಲ್ಲಿ ನಿವೇದಿಸಲಿರುವೆನು.

ನಮ್ಮದು ಧಾರೇಶ್ವರ, ಕುಮಟೆಗೂ ಹೊನ್ನಾವರಕ್ಕೂ ನಡುವೆ, ಒಂದು ಬದಿಗೆ ಧಾರಾನಾಥನ ಗುಡಿ, ಇನ್ನೊಂದು ಬದಿಗೆ ಕಡಲು. ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ ಕಳೆದ ವರ್ಷ ಮನೆ ಸೇರಿದೆನು. ನನ್ನ ಅರವತ್ತರ ಶಾಂತಿಗೆ ಮಕ್ಕಳೆಲ್ಲ ಕೂಡಿದಾಗ ಹಿರಿಯ ಮಗನು, "ಅಜ್ಜಿಯದೊಂದು ಒಳ್ಳೆಯ ಪಟ ಮನೆಯಲ್ಲಿಲ್ಲ" ಎಂದನು. ಮಾತು ನಿಜವೇ. ನನ್ನ ತಾಯಿಯವರಿಗೆ ಈಗ ಎಂಬತ್ತನಾಲ್ಕು ವರ್ಷ. ಅವರ ಚಿತ್ರಗಳೆಂದರೆ ಮದುವೆಯಲ್ಲಿ ತೆಗೆದದ್ದೊಂದು, ಅದರಲ್ಲಿ ತಲೆ ತಗ್ಗಿಸಿರುವರು. ಆಧಾರ್ ಚೀಟಿಯದೊಂದು, ಅದರಲ್ಲಿ ಸ್ವತಃ ನಾನೇ ಅವರ ಗುರುತು ಹಿಡಿಯಲಾರೆನು. ಎಂಬತ್ತನಾಲ್ಕು ವರ್ಷದವರ ಪಟವನ್ನು ಈಗ ಏಕೆ ತೆಗೆಸಬೇಕೆಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರಿಗೂ ತಿಳಿದಿತ್ತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈ ವೃತ್ತಿಯಲ್ಲಿ ಹೆಸರು ಮಾಡಿರುವನು. ಮದುವೆಗೆ ಮುನ್ನ ವಧೂವರರ ಚಿತ್ರ ತೆಗೆಸುವ ಹೊಸ ರೂಢಿಯೊಂದು ಬಂದಿದೆಯಲ್ಲವೆ? ಅಂತಹ ಜೋಡಿಗಳನ್ನು ಅವನು ನಮ್ಮೂರ ಕಡಲ ತೀರಕ್ಕೂ, ಕಾಸರಕೋಡಿಗೂ, ಮುರುಡೇಶ್ವರಕ್ಕೂ ಕರೆದೊಯ್ಯುವನು. ಅವನನ್ನು ಕರೆಸಿದೆವು. ಕ್ಯಾಮೆರಾದ ಜೊತೆಗೆ ತೆಂಗಿನಕಾಯಿಯಷ್ಟು ಗಾತ್ರದ, ತಂತಿಯಿಲ್ಲದ ಸ್ಪೀಕರೊಂದನ್ನು ಅವನು ಚೀಲದಿಂದ ತೆಗೆದು ಜಗಲಿಯ ಮೇಲಿಟ್ಟನು. ಇದೇತಕ್ಕೆಂದು ಕೇಳಿದೆನು.

"ಮಾಸ್ತರೇ, ಹುಡುಗ ಹುಡುಗಿ ಒಬ್ಬರಿಗೊಬ್ಬರು ಇನ್ನೂ ಹೊಸಬರು. ಕ್ಯಾಮೆರಾ ಕಂಡರೆ ಕೈ ಎಲ್ಲಿ ಇಡಬೇಕೆಂದು ತಿಳಿಯದೆ ಒದ್ದಾಡುತ್ತಾರೆ. ಒಂದು ಹಾಡು ಹಾಕಿದರೆ ಹೆಜ್ಜೆ ತಾನಾಗಿ ಹದಕ್ಕೆ ಬರುತ್ತದೆ" ಎಂದನು. ಮೂಕಿಚಿತ್ರಗಳ ಕಾಲದಲ್ಲಿಯೂ ಹೀಗೆಯೇ ಇತ್ತೆಂದು ಅವನೇ ವಿವರಿಸಿದನು. ನಟಿಯು ಅಳಬೇಕಾದಾಗ ಪಿಟೀಲುಗಾರನೊಬ್ಬನು ಪಕ್ಕದಲ್ಲಿ ನಿಂತು ಕರುಣವನ್ನು ನುಡಿಸುತ್ತಿದ್ದನಂತೆ. 1927ರಿಂದೀಚೆಗೆ ಮಾತಿನ ಚಿತ್ರಗಳು ಬಂದು, ನಮ್ಮಲ್ಲಿ 1931ರಲ್ಲಿ 'ಆಲಂ ಆರಾ'ವೂ 1934ರಲ್ಲಿ ಕನ್ನಡದ 'ಸತಿ ಸುಲೋಚನಾ'ವೂ ತೆರೆ ಕಂಡ ಮೇಲೆ, ಯಂತ್ರಕ್ಕೆ ಕಿವಿ ಬಂದುದರಿಂದ ಆ ಪಿಟೀಲು ಹಿಂದೆ ಸರಿಯಬೇಕಾಯಿತು. ಆದರೂ ಹಾಡಿನ ದೃಶ್ಯಗಳಿಗೆ ಇಂದಿಗೂ ಮುಂಚೆಯೇ ಮುದ್ರಿಸಿದ ಹಾಡನ್ನು ಗಟ್ಟಿಯಾಗಿ ಕೇಳಿಸಿ, ಅದಕ್ಕೆ ತಕ್ಕಂತೆ ನಟರನ್ನು ಕುಣಿಸುವರು. ಶಿಷ್ಯನ ಮಾತನ್ನು ಕೇಳಿ ನಾನು ನಕ್ಕುಬಿಟ್ಟೆನು. ಚಿತ್ರವು ಕಣ್ಣಿನ ವಿಷಯ, ಹಾಡು ಕಿವಿಯ ವಿಷಯ. ಒಂದಕ್ಕೆ ಇನ್ನೊಂದು ಎಲ್ಲಿಯ ಸಂಬಂಧವೆಂದು ಪಂಡಿತನ ಗತ್ತಿನಿಂದ ಕೇಳಿದೆನು.

ತಾಯಿಯವರನ್ನು ಅಂಗಳದಲ್ಲಿ ಕುರ್ಚಿಯ ಮೇಲೆ ಕುಳ್ಳಿರಿಸಿದೆವು. ಒಗೆದ ಸೀರೆ, ಬಾಚಿದ ತಲೆ. ಮುಖವು ಮಾತ್ರ ಆಧಾರ್ ಚೀಟಿಯ ಮುಖವೇ. ಹುಡುಗನು ಒಂದು ಹಳೆಯ ಸಿನೆಮಾ ಹಾಡನ್ನು ಹಾಕಿದನು. ಅವರು ಸ್ಪೀಕರನ್ನೇ ಬೆರಗಿನಿಂದ ನೋಡತೊಡಗಿದರು. ಹಿರಿಯರಿಗೆ ದೇವರ ಹಾಡು ಹಿಡಿಸೀತೆಂದು ಭಜನೆಯೊಂದನ್ನು ಹಾಕಿದನು. ತಟ್ಟನೆ ಕೈ ಜೋಡಿಸಿ, ಕಣ್ಣು ಮುಚ್ಚಿ, ಗುಡಿಯಲ್ಲಿ ಕುಳಿತಂತೆ ಕುಳಿತುಬಿಟ್ಟರು. ಅದೂ ಒಂದು ಭಂಗಿಯೇ ಆಯಿತು. "ಅಜ್ಜೀ, ಸ್ವಲ್ಪ ನಗಿ" ಎಂದು ಅವನು ಬೇಡಿಕೊಂಡಾಗ ಅವರು ಕಣ್ಣು ತೆರೆದು, ಅವನನ್ನಲ್ಲ, ನನ್ನನ್ನು ನೋಡಿ, "ತಮಾ, ಈ ಪಟ ಗೋಡೆಗೆ ಹಾಕಲೆ ಅಲ್ದಾ?" ಎಂದು ಕೇಳಿದರು.

ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಅಡಿಕೆಯ ದರವನ್ನು ಕೇಳುವಷ್ಟು ಸಹಜವಾಗಿ ಕೇಳಿದರು. ಅಂಗಳದಲ್ಲಿದ್ದ ನಾವು ಆರು ಜನ ಒಬ್ಬರ ಮುಖವನ್ನೊಬ್ಬರು ನೋಡಲಾರದೆ ಹೋದೆವು. ಹುಡುಗನು ಮೆಲ್ಲಗೆ ಸ್ಪೀಕರನ್ನು ಆರಿಸಿ, "ಬೆಳಕು ಇಳಿಯಿತು ಮಾಸ್ತರೇ, ಮತ್ತೊಂದು ದಿನ ಬರುತ್ತೇನೆ" ಎಂದನು. ಬೆಳಕು ಇನ್ನೂ ಧಾರಾಳವಾಗಿತ್ತು.

ಆ ರಾತ್ರಿ ನಿದ್ದೆ ಬಾರದೆ ಹಳೆಯ ಪುಸ್ತಕಗಳನ್ನು ತೆರೆದು ಕುಳಿತೆನು. ಚಿತ್ರಕ್ಕೂ ಹಾಡಿಗೂ ಸಂಬಂಧವೆಲ್ಲಿಯದೆಂದು ಶಿಷ್ಯನನ್ನು ಹಾಸ್ಯ ಮಾಡಿದ್ದೆನಷ್ಟೆ? ವಿಷ್ಣುಧರ್ಮೋತ್ತರದ ಮೂರನೆಯ ಖಂಡದಲ್ಲಿ ವಜ್ರನೆಂಬ ರಾಜನು ಮಾರ್ಕಂಡೇಯ ಮುನಿಯಲ್ಲಿಗೆ ಬಂದು, ತನಗೆ ಪ್ರತಿಮೆಯನ್ನು ಮಾಡುವ ವಿದ್ಯೆಯನ್ನು ಕಲಿಸಬೇಕೆಂದು ಬೇಡುವನು. ಅದಕ್ಕೆ ಮೊದಲು ಚಿತ್ರವನ್ನು ಬಲ್ಲೆಯಾಗಬೇಕು ಎನ್ನುವನು ಮುನಿ. ಚಿತ್ರಕ್ಕೆ ಮೊದಲು ನೃತ್ಯ ತಿಳಿದಿರಬೇಕು, ನೃತ್ಯಕ್ಕೆ ಮೊದಲು ವಾದ್ಯ, ವಾದ್ಯಕ್ಕೂ ಮೊದಲು ಗಾನ! ಹೀಗೆ ಚಿತ್ರದ ಬೇರು ಗಾನಕ್ಕೆ ಹೋಗಿ ಮುಟ್ಟುವುದು. ಇದನ್ನು ನಾನು ಓದದವನಲ್ಲ, ಓದಿಯೂ ಅರಿಯದವನು.

ಕಾಳಿದಾಸನ ಮಾಳವಿಕಾಗ್ನಿಮಿತ್ರದಲ್ಲಿ ರಾಜನು ಮಾಳವಿಕೆಯನ್ನು ಮೊದಲು ಚಿತ್ರದಲ್ಲಿ ಕಂಡಿರುವನು; ಎರಡನೆಯ ಅಂಕದಲ್ಲಿ ಆಕೆಯು ಹಾಡಿ ಅಭಿನಯಿಸಲು ರಂಗಕ್ಕೆ ಬಂದಾಗ ಎದುರಿಗೆ ಕಾಣುವನು. ಕಂಡೊಡನೆ ಅವನಿಗೆ ತೋರುವುದೇನು? ಈ ಚೆಲುವನ್ನು ಹಿಡಿಯಲಾರದ ಆ ಚಿತ್ರಕಾರನ ಸಮಾಧಿಯು ಸಡಿಲವಾಗಿತ್ತೆಂದು. ದೋಷವನ್ನು ಕುಳಿತವಳ ಮೇಲೆ ಹೊರಿಸಲಿಲ್ಲ, ಬರೆದವನ ಮೇಲೆ ಹೊರಿಸಿದನು! ಶಾಕುಂತಲದ ಪ್ರಸ್ತಾವನೆಯಲ್ಲಿಯಂತೂ ಮಾತು ಇನ್ನೂ ಸ್ಪಷ್ಟ. ನಟಿಯು ಗ್ರೀಷ್ಮದ ಹಾಡೊಂದನ್ನು ಹಾಡಿದೊಡನೆ, ರಾಗಕ್ಕೆ ಮನಸೋತ ಸಭೆಯೆಲ್ಲ ಚಿತ್ರದಲ್ಲಿ ಬರೆದಂತಾಯಿತೆಂದು ಸೂತ್ರಧಾರನು ಹೇಳುವನು. ಮರುಕ್ಷಣವೇ ತಾನು ಆಡಬೇಕಾದ ನಾಟಕ ಯಾವುದೆಂಬುದನ್ನು ಅವನೇ ಮರೆತಿರುವನು. ಮೂವತ್ತು ವರ್ಷ ಈ ಭಾಗವನ್ನು ಪಾಠ ಹೇಳಿ, ಅಲಂಕಾರವನ್ನು ಗುರುತಿಸಿರೆಂದು ಮಕ್ಕಳಿಗೆ ಅಂಕ ಕೊಟ್ಟೆನು. ಹಾಡಿನಿಂದ ಮೈಯೂ ನಿಶ್ಚಲವಾಗುವುದು, ಭಯದಿಂದಲೂ ನಿಶ್ಚಲವಾಗುವುದು. ಆದರೆ ಒಂದು ಚಿತ್ರದ ನಿಶ್ಚಲತೆ, ಇನ್ನೊಂದು ಕಟ್ಟಿಗೆಯ ನಿಶ್ಚಲತೆ ಎಂಬುದು ನನಗೆ ಹೊಳೆದದ್ದು ಆ ರಾತ್ರಿ.

ಇದಕ್ಕೆ ಸಾಕ್ಷಿಯು ನಮ್ಮ ಮನೆಯಂಗಳದಲ್ಲಿಯೇ ಇತ್ತು. ಹೊನ್ನಾವರ ತಾಲ್ಲೂಕಿನ ಕೆರೆಮನೆಯ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ ಸೀಮೆ ಇದು. ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟಿ ಕುಳಿತವನ ಪಟವನ್ನು ತೆಗೆದು ನೋಡಿರಿ. ಬಣ್ಣವುಂಟು, ಕಿರೀಟವುಂಟು, ಒಳಗೆ ನಮ್ಮಂತಹ ಒಬ್ಬ ಗೃಹಸ್ಥನು ಆಕಳಿಸುತ್ತಿರುವನು. ಅವನೇ ರಂಗಕ್ಕೆ ಬಂದು, ಭಾಗವತರ ಪದವೇರಿ, ಮದ್ದಳೆ ಚಂಡೆಗಳು ಕೂಡಿದೊಡನೆ ಕಣ್ಣಿನಲ್ಲಿ ಕೌರವನು ಬಂದು ಕೂಡುವನು. ನಮ್ಮೂರ ಹೆಸರನ್ನೇ ತಮ್ಮ ಹೆಸರಿನೊಡನೆ ನಾಡಿಗೆಲ್ಲ ಒಯ್ದ ಭಾಗವತ ಸುಬ್ರಹ್ಮಣ್ಯ ಧಾರೇಶ್ವರರು 2024ರ ಏಪ್ರಿಲಿನಲ್ಲಿ ತೀರಿಕೊಂಡರು. ಅವರ ಪದಕ್ಕೆ ಕುಣಿದವರ ಮುಖಗಳನ್ನು ನೆನೆದರೆ, ಬಣ್ಣಕ್ಕಿಂತ ಮೊದಲು ಆ ಮುಖಗಳನ್ನು ಬರೆದದ್ದು ಸ್ವರವೇ ಎಂದು ತೋರುವುದು.

ಮರುದಿನ ಶಿಷ್ಯನಿಗೆ ದೂರವಾಣಿಯಲ್ಲಿ ಕ್ಷಮೆ ಕೇಳಿ ಇದನ್ನೆಲ್ಲ ಹೇಳಿದೆನು. ಅವನು ಪ್ರತಿಯಾಗಿ ಕೆನಡಾ ದೇಶದ ಯೂಸುಫ್ ಕಾರ್ಶ್ ಎಂಬ ಹೆಸರಾಂತ ಛಾಯಾಗ್ರಾಹಕನ ಕಥೆಯನ್ನು ಹೇಳಿದನು. 1941ರಲ್ಲಿ ಚರ್ಚಿಲ್ಲರ ಬಾಯಿಂದ ಚುಟ್ಟವನ್ನು ಕಿತ್ತುಕೊಂಡು, ಅವರು ಕೆರಳಿದ ಕ್ಷಣವನ್ನೇ ಹಿಡಿದು ಖ್ಯಾತನಾದವನು ಅವನು. ಆದರೆ 1954ರಲ್ಲಿ ಫ್ರಾನ್ಸಿನ ಒಂದು ಹಳೆಯ ಮಠದಲ್ಲಿ ಪಾಬ್ಲೊ ಕಸಾಲ್ಸ್ ಎಂಬ ವೃದ್ಧ ಸಂಗೀತಗಾರನು ಬಾಖನ ಕೃತಿಯನ್ನು ಚೆಲ್ಲೋ ವಾದ್ಯದಲ್ಲಿ ನುಡಿಸತೊಡಗಿದಾಗ, ಕಾರ್ಶನು ಕೇಳುತ್ತ ಕೇಳುತ್ತ ಚಿತ್ರ ತೆಗೆಯುವುದನ್ನೇ ಕೆಲಹೊತ್ತು ಮರೆತನಂತೆ. ಕೊನೆಗೆ ಹಿಂದಿನಿಂದ, ಬೆನ್ನನ್ನಷ್ಟೇ ತೋರುವ ಚಿತ್ರವನ್ನು ತೆಗೆದನು. ಮುಂದೆ ಪ್ರದರ್ಶನವೊಂದರಲ್ಲಿ ಮುದುಕನೊಬ್ಬನು ದಿನವೂ ಬಂದು ಅದರ ಮುಂದೆ ನಿಲ್ಲುತ್ತಿದ್ದನಂತೆ. ಏಕೆಂದು ಕೇಳಿದವರಿಗೆ, ಸುಮ್ಮನಿರಿ, ಸಂಗೀತವನ್ನು ಕೇಳುತ್ತಿದ್ದೇನೆ ಎಂದನಂತೆ. ನನಗೆ ಆಗ ಶಾಕುಂತಲದ ಸೂತ್ರಧಾರನು ನೆನಪಾದನು. ಹಾಡು ಕುಳಿತವನನ್ನಷ್ಟೇ ಸಡಿಲಿಸಿದರೆ ಸಾಲದು; ತೆಗೆಯುವವನನ್ನೂ ಮರೆಸಬೇಕು.

"ಸರಿ ಮಾಸ್ತರೇ, ಅಜ್ಜಿಯ ಹಾಡು ಯಾವುದು?" ಎಂದು ಅವನು ಕೇಳಿದನು.

ನಾನು ಉತ್ತರಿಸಲಾರದೆ ಹೋದೆನು. ಅರವತ್ತು ವರ್ಷ ಒಂದೇ ಸೂರಿನ ಕೆಳಗೆ ಇದ್ದೂ ತಾಯಿಗೆ ಯಾವ ಹಾಡು ಪ್ರಿಯವೆಂಬುದು ಮಗನಿಗೆ ತಿಳಿಯದು! ನಾಚಿಕೆಯಿಂದ ಹೆಂಡತಿಯನ್ನು ಕೇಳಿದೆನು. ಅವಳು ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟು, "ನಿಮಗೆ ನೆನಪಿಲ್ಲವೇ? ಹಸೆಯ ಹಾಡಿಗೆ ಅತ್ತೆಯವರೇ ಮುಂದಾಳಾಗಿದ್ದರಲ್ಲ" ಎಂದಳು.

ಹಸೆಯೆಂದರೆ ನಮ್ಮ ಕಡೆ ಮಂಗಲಕಾರ್ಯಕ್ಕೆಂದು ಬರೆಯುವ ಚಿತ್ತಾರವೂ ಹೌದು, ವಧೂವರರನ್ನು ಕುಳ್ಳಿರಿಸುವ ಆಸನವೂ ಹೌದು. ಅವರನ್ನು ಹಸೆಗೆ ಕರೆಯುವಾಗ ಹೆಂಗಸರು ಕೂಡಿ ಹಾಡುವರು. ಚಿತ್ರವನ್ನೂ ಹಾಡನ್ನೂ ಬೇರ್ಪಡಿಸದ ಬುದ್ಧಿ ನಮ್ಮ ತಾಯಂದಿರಿಗೆ ಮಾರ್ಕಂಡೇಯನನ್ನು ಓದದೆಯೇ ಇತ್ತು. ನನ್ನ ಬಾಲ್ಯದಲ್ಲಿ ನೆರೆಹೊರೆಯ ಯಾವ ಮನೆಯಲ್ಲಿ ಮದುವೆಯಾದರೂ ತಾಯಿಯವರಿಗೆ ಮೊದಲ ಕರೆ ಬರುತ್ತಿತ್ತು. 1994ರಲ್ಲಿ ತಂದೆಯವರು ತೀರಿಕೊಂಡರು. ಆ ಮೇಲೆ ಹಾಡಬೇಡಿರೆಂದು ಅವರಿಗೆ ಯಾರೂ ಹೇಳಲಿಲ್ಲ; ಹಾಡಿರೆಂದೂ ಯಾರೂ ಹೇಳಲಿಲ್ಲ. ಮಂಗಲದ ಹೊತ್ತಿಗೆ ಅವರು ತಾವಾಗಿ ಒಳಕೋಣೆಗೆ ಸರಿಯುತ್ತಿದ್ದರು. ಇದಕ್ಕೆ ಯಾವ ಶಾಸ್ತ್ರದ ಆಧಾರವಿದೆಯೆಂದು ಒಬ್ಬರೂ ವಿಚಾರಿಸಲಿಲ್ಲ. ಶಾಸ್ತ್ರ ಓದಿದವನೆಂದು ಊರಲ್ಲಿ ಮರ್ಯಾದೆ ಪಡೆದ ನಾನು, ಕೇಳಬೇಕಾಗಿದ್ದವನೇ, ಕೇಳಲಿಲ್ಲ. ಮೂವತ್ತು ವರ್ಷ ಮನೆಯೊಳಗೊಂದು ಕಂಠವು ಸುಮ್ಮನಿತ್ತು. ಅದನ್ನು ನಾನು ವೃದ್ಧಾಪ್ಯದ ಶಾಂತಿಯೆಂದು ಭ್ರಮಿಸಿದ್ದೆನು.

ವಾರ ಕಳೆದು ಹುಡುಗನು ಮತ್ತೆ ಬಂದನು. ಈ ಸಲ ಸ್ಪೀಕರಿರಲಿಲ್ಲ, ಕುರ್ಚಿಯೂ ಇರಲಿಲ್ಲ. ಮಧ್ಯಾಹ್ನದ ಇಳಿಬಿಸಿಲಿನಲ್ಲಿ ತಾಯಿಯವರು ಜಗಲಿಯಲ್ಲಿ ಕುಳಿತು ದೇವರಿಗೆಂದು ಅಬ್ಬಲಿಗೆ ಹೂವನ್ನು ಬಾಳೆಯ ನಾರಿನಲ್ಲಿ ಕಟ್ಟುತ್ತಿದ್ದರು. ಹೆಂಡತಿಯೂ ಮೊಮ್ಮಗಳೂ ಜೊತೆಗಿದ್ದರು. ಹುಡುಗನು ಕಂಬಕ್ಕೊರಗಿ, ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು, ಅಡಿಕೆಯ ಧಾರಣೆಯ ಮಾತನ್ನು ನನ್ನೊಡನೆ ಆಡುತ್ತಿದ್ದನು. ನಡುವೆ ಹೆಂಡತಿಯು ಮೆಲುದನಿಯಲ್ಲಿ ಹಸೆಗೆ ಕರೆಯುವ ಹಾಡೊಂದನ್ನು ಎತ್ತಿಕೊಂಡಳು. ಎರಡು ಸಾಲು ಹಾಡಿದಳು. ಮೂರನೆಯದರ ತಿರುವಿನಲ್ಲಿ ತಪ್ಪಿದಳು. ಬೇಕೆಂದೇ ತಪ್ಪಿದಳೋ ಎಂದು ಕೇಳಿದರೆ ಇಂದಿಗೂ ನಗುವಳಷ್ಟೆ.

ತಾಯಿಯವರ ಕೈ ನಿಂತಿತು. "ಹಾಂಗಲ್ದೇ ಕೂಸೆ" ಎಂದರು. ತಿರುವನ್ನು ತಾವೇ ಹಾಡಿ ತೋರಿಸಿದರು. ದನಿ ಮೊದಲು ಒಡೆಯಿತು. ಗಂಟಲು ಸರಿಮಾಡಿಕೊಂಡು ಮತ್ತೆ ಹಾಡಿದರು. ಆ ಮೇಲೆ ನಿಲ್ಲಿಸಲಿಲ್ಲ. ನಾರು ಹಿಡಿದ ಕೈಯನ್ನು ಮೇಲೆತ್ತಿ ಸ್ವರದ ಏರನ್ನು ಮೊಮ್ಮಗಳಿಗೆ ತೋರಿಸುತ್ತ ಹಾಡಿದರು. ಪದಗಳು ಒಂದೂ ಮರೆತಿರಲಿಲ್ಲ. ಆ ಮುಖವನ್ನು ನಾನು ಬಲ್ಲೆನು. ನಾನು ಏಳೆಂಟು ವರ್ಷದವನಿದ್ದಾಗ ಮದುವೆಯ ಚಪ್ಪರದಲ್ಲಿ, ಅವರ ಸೆರಗು ಹಿಡಿದು ನಿಂತು, ಕೆಳಗಿನಿಂದ ಕಂಡ ಮುಖವದು. ಹುಡುಗನತ್ತ ನೋಡಿದೆನು. ಅವನು ಕ್ಯಾಮೆರಾವನ್ನು ಎತ್ತಿರಲೇ ಇಲ್ಲ. ನಾನು ಅವನನ್ನು ಎಚ್ಚರಿಸಲಿಲ್ಲ. ಹಾಡು ಎರಡನೆಯ ಸಲ ಮೊದಲಾದಾಗ ಅವನು ತಾನೇ ಎಚ್ಚತ್ತು, ಎದ್ದುನಿಲ್ಲದೆ, ಕುಳಿತಲ್ಲಿಂದಲೇ ನಾಲ್ಕೈದು ಚಿತ್ರಗಳನ್ನು ತೆಗೆದನು.

ಅವುಗಳಲ್ಲೊಂದನ್ನು ದೊಡ್ಡದು ಮಾಡಿಸಿದೆವು. ಬಾಯಿ ಅರೆ ತೆರೆದಿದೆ, ಕೈ ಗಾಳಿಯಲ್ಲಿದೆ, ಕಣ್ಣು ಮೊಮ್ಮಗಳ ಕಡೆಗಿದೆ, ತಲೆಗೂದಲು ಕೆದರಿದೆ. ನೆಂಟರಲ್ಲಿ ಕೆಲವರು, "ಪಟವೆಂದರೆ ನೇರ ನೋಡಬೇಕಪ್ಪ; ಇದೇನು, ಬಾಯಿ ತೆರೆದುಕೊಂಡು?" ಎಂದರು. ಅದನ್ನು ಕೇಳಿಸಿಕೊಂಡ ತಾಯಿಯವರು, "ಬಾಯಿ ಮುಚ್ಚಿಕೊಂಡು ಹಾಡಲಿಕ್ಕೆ ಬರುತ್ತದೆಯೇ?" ಎಂದು ಕೇಳಿದರು. ಆ ಮಾತಿಗೆ ಅಲ್ಲಿ ಉತ್ತರವಿರಲಿಲ್ಲ. ಮೂವತ್ತು ವರ್ಷ ಅವರ ಬಾಯನ್ನು ಮುಚ್ಚಿಸಿದ್ದ ನಮ್ಮಲ್ಲಿಯಂತೂ ಇರಲಿಲ್ಲ.

ಈ ವೈಶಾಖದಲ್ಲಿ ನನ್ನ ತಂಗಿಯ ಮಗಳ ಮದುವೆಯಾಯಿತು. ಹಸೆಗೆ ಕರೆಯುವ ಹೊತ್ತಿಗೆ ತಾಯಿಯವರು ವಾಡಿಕೆಯಂತೆ ಒಳಗೆ ಸರಿಯಲು ಎದ್ದರು. ನಾನು ಹೋಗಿ, "ಆಯಿ, ನೀನೇ ಎತ್ತಿಕೊಡಬೇಕು" ಎಂದೆನು. ಅವರು ಬಹಳ ಹೊತ್ತು ನನ್ನ ಮುಖವನ್ನು ನೋಡಿದರು. ಮೊಮ್ಮಗಳು ಕೈ ಹಿಡಿದು ಕರೆತಂದಳು. ಮುದುಕಿಯರಿಬ್ಬರು ಒಬ್ಬರನ್ನೊಬ್ಬರು ನೋಡಿಕೊಂಡರು. ಹಾಡು ಎರಡನೆಯ ಸಾಲಿಗೆ ಬಂದಾಗ ಅವರಲ್ಲೊಬ್ಬರು, ಅವರೂ ಗಂಡನನ್ನು ಕಳೆದುಕೊಂಡವರೇ, ದನಿಗೂಡಿಸಿದರು.

ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ. ಮನೆಯಲ್ಲಿ ಭಾವಚಿತ್ರ ತೆಗೆಸುವ ಸಂದರ್ಭ ಬಂದಾಗ ಉಡುಪನ್ನು ಆರಿಸುವ ಮೊದಲು ಹಾಡನ್ನು ಆರಿಸಿರಿ. ಅದು ತೆಗೆಯುವವನಿಗೆ ಮೆಚ್ಚಾದುದಾಗಿರದೆ ಕುಳಿತವರದಾಗಿರಲಿ. ಕ್ಯಾಮೆರಾ ಹೊರಬರುವ ಮೊದಲೇ ಅದು ಮೊದಲಾಗಲಿ, ಮಾತಿಗೆ ಅಡ್ಡಿಯಾಗದಷ್ಟು ಮೆಲ್ಲಗಿರಲಿ. ಮೊದಲನೆಯ ಹಾಡನ್ನು ಕೇಳುವುದಕ್ಕೇ ಬಿಟ್ಟುಬಿಡಿರಿ. ಎಳೆಯ ಮಗುವಿಗೆ ತಾಯಿಯ ಜೋಗುಳಕ್ಕಿಂತ ಮಿಗಿಲಾದ ಯಂತ್ರವಿಲ್ಲ. ಹಾಡೇ ಬೇಡವೆನ್ನುವವರೂ ಉಂಟು. ಅವರನ್ನು ಮರದ ನೆರಳಿನಲ್ಲಿಯೋ ಕಡಲ ಬದಿಯಲ್ಲಿಯೋ ಸುಮ್ಮನೆ ಕುಳ್ಳಿರಿಸಿದರೂ ಸಾಕು. ಆದರೆ ಎಲ್ಲಕ್ಕೂ ಮೊದಲು, ನಿಮಗೆ ಪ್ರಿಯವಾದ ಹಾಡು ಯಾವುದೆಂದು ಕೇಳಿರಿ. ಛಾಯಾಗ್ರಾಹಕನು ಬರುವವರೆಗೆ ಕಾಯಬೇಕಾಗಿಲ್ಲ. ಈ ಸಂಚಿಕೆಯನ್ನು ಮಡಿಸಿಟ್ಟು ಇಂದೇ ಕೇಳಬಹುದು.

ನಮ್ಮ ತಾಯಿಯವರ ಪಟವನ್ನು ಇನ್ನೂ ಗೋಡೆಗೆ ಹಾಕಿಲ್ಲ. ಅದು ನನ್ನ ಮೇಜಿನ ಮೇಲೆ, ಶಾಕುಂತಲದ ಪಕ್ಕದಲ್ಲಿದೆ. ಒಳಗಿನಿಂದ ಮೊಮ್ಮಗಳಿಗೆ ಪಾಠವಾಗುತ್ತಿರುವುದು ಈ ಸಾಲನ್ನು ಬರೆಯುವಾಗಲೂ ಕೇಳಿಸುತ್ತಿದೆ. ಮೂರನೆಯ ತಿರುವಿನಲ್ಲಿ ಅವಳೂ ತಪ್ಪುತ್ತಿರುವಳು.